ಹಿರಿಯರು, ಮಕ್ಕಳೊಂದಿಗೆ ನೇಪಾಳ ಯಾತ್ರೆ: ಮುಕ್ತಿನಾಥಕ್ಕೆ ಎಷ್ಟು ದಿನ ಇಟ್ಟುಕೊಳ್ಳಬೇಕು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬರುವ ದಸರಾ ರಜೆಯಲ್ಲಿ ಮನೆಯವರೆಲ್ಲ ಸೇರಿ ನೇಪಾಳಕ್ಕೆ ಹೋಗಿಬರಬೇಕೆಂದು ನಿಶ್ಚಯಿಸಿದ್ದೇವೆ. ನಾವು ಒಟ್ಟು ಆರು ಮಂದಿ: 74 ವರ್ಷದ ಮಾವನವರು, 68 ವರ್ಷದ ಅತ್ತೆಯವರು, ನಾವು ಗಂಡ ಹೆಂಡತಿ, 16ರ ಮಗ, 11ರ ಮಗಳು. ಮಾವನವರು ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಅತ್ತೆಯವರಿಗೆ ಮಂಡಿನೋವಿದೆ, ಸಮತಟ್ಟಾದ ಜಾಗದಲ್ಲಾದರೆ ನಿಧಾನವಾಗಿ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ.

ಈ ಯಾತ್ರೆಗೆ ಮೂಲ ಕಾರಣ ಮಾವನವರ ಒಂದು ಹಳೆಯ ಆಸೆ. ನಮ್ಮ ಮನೆಯ ದೇವರ ಕೋಣೆಯಲ್ಲಿ ಅವರ ಅಜ್ಜನ ಕಾಲದಿಂದಲೂ ಪೂಜೆಗೊಳ್ಳುತ್ತಿರುವ ಒಂದು ಸಾಲಿಗ್ರಾಮವಿದೆ. ಅಡಿಕೆಗಿಂತ ಸ್ವಲ್ಪ ದೊಡ್ಡದಾದ ಆ ಕಲ್ಲಿಗೆ ದಿನವೂ ಅಭಿಷೇಕ ಮಾಡುವ ಅವರು, ಅದು ಹುಟ್ಟಿದ ಗಂಡಕಿ ನದಿಯನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂದು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಮುಕ್ತಿನಾಥದ ದರ್ಶನವಾಗಬೇಕು, ಅದರ ಬಳಿಯ ನದಿ ಸಂಗಮವಾದ ಕಾಗಬೇನಿಯಲ್ಲಿ ತಂದೆ ತಾಯಿಗೆ ಪಿಂಡ ಪ್ರದಾನ ಮಾಡಬೇಕು ಎಂಬುದು ಅವರ ಅಪೇಕ್ಷೆ. ಅತ್ತೆಯವರಿಗೆ ಪಶುಪತಿನಾಥನ ದರ್ಶನವಾದರೆ ಸಾಕು. ಮಗಳು ಪಾಠದಲ್ಲಿ ಓದಿದ ಲುಂಬಿನಿಯ ಹೆಸರು ಹೇಳುತ್ತಿದ್ದಾಳೆ.

ಪ್ರವಾಸ ಸಂಸ್ಥೆಯೊಂದರಲ್ಲಿ ವಿಚಾರಿಸಿದಾಗ ಅವರು ಕಠ್ಮಂಡು, ಜನಕಪುರ, ಲುಂಬಿನಿ, ಮನಕಾಮನಾ, ಪೋಖರಾ, ಮುಕ್ತಿನಾಥ ಎಲ್ಲವನ್ನೂ ಸೇರಿಸಿ ಏಳು ದಿನದ ಯೋಜನೆಯೊಂದನ್ನು ಕೊಟ್ಟರು. ಅದರಲ್ಲಿ ಮುಕ್ತಿನಾಥಕ್ಕೆ ಇರುವುದು ಅರ್ಧ ದಿನ, ಅದೂ ಪೋಖರಾದಿಂದ ಹೆಲಿಕಾಪ್ಟರಿನಲ್ಲಿ. ನಾವು ಹೆಚ್ಚೆಂದರೆ ಹತ್ತು ಹನ್ನೊಂದು ದಿನ ಹೊಂದಿಸಿಕೊಳ್ಳಬಹುದು. ಹಿರಿಯರನ್ನು ಕರೆದುಕೊಂಡು ಹೋಗಿಬಂದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಹಿಮದ ಹಾದಿ

ತುಂಗಾತೀರ ಅವರೇ, ಆ ಏಳು ದಿನದ ಯೋಜನೆಯನ್ನು ದಯವಿಟ್ಟು ಕೈಬಿಡಿ. ಜನಕಪುರ ಇರುವುದು ಪೂರ್ವದ ತರಾಯಿಯಲ್ಲಿ, ಅಂದರೆ ಭಾರತದ ಗಡಿಗೆ ಹೊಂದಿದ ಬಯಲಿನಲ್ಲಿ, ಲುಂಬಿನಿ ಇರುವುದು ಪಶ್ಚಿಮದ ತರಾಯಿಯಲ್ಲಿ, ಮುಕ್ತಿನಾಥ ಇರುವುದು ಹಿಮಾಲಯದ ಆಚೆ ಮಗ್ಗುಲಿನ ಮುಸ್ತಾಂಗ್ ಜಿಲ್ಲೆಯಲ್ಲಿ. ನಕ್ಷೆಯಲ್ಲಿ ನೇಪಾಳ ಚಿಕ್ಕ ದೇಶದಂತೆ ಕಾಣುತ್ತದೆ, ಆದರೆ ಅಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದು ಪ್ರಯೋಜನವಿಲ್ಲ. ಕಠ್ಮಂಡುವಿನಿಂದ ಪೋಖರಾಕ್ಕೆ ಇರುವುದು ಸುಮಾರು 200 ಕಿಲೋಮೀಟರ್ ಮಾತ್ರ. ರಸ್ತೆಯಲ್ಲಿ ಹೊರಟರೆ ಇಡೀ ಒಂದು ಹಗಲು ಕಳೆದೇ ಹೋಗುತ್ತದೆ. ಏಳು ದಿನದಲ್ಲಿ ಅಷ್ಟೂ ಊರು ಮುಟ್ಟಿದರೆ ನಿಮ್ಮ ಅತ್ತೆಯವರ ನೆನಪಿನಲ್ಲಿ ಉಳಿಯುವುದು ಬಸ್ಸಿನ ಸೀಟು ಮಾತ್ರ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಹಿರಿಯರು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದು ಮುಕ್ತಿನಾಥವಾದರೆ, ಯೋಜನೆಯನ್ನು ಆ ಜಾಗದಿಂದಲೇ ಆರಂಭಿಸಬೇಕು. ಅದಕ್ಕೆ ಬೇಕಾದಷ್ಟು ದಿನಗಳನ್ನು ಮೊದಲು ತೆಗೆದಿಟ್ಟು, ಉಳಿದ ದಿನಗಳಲ್ಲಿ ಏನು ಹಿಡಿಸುತ್ತದೋ ಅಷ್ಟನ್ನು ಮಾತ್ರ ಸೇರಿಸಿಕೊಳ್ಳಿ.

ಈಗ ಎತ್ತರದ ವಿಷಯ. ಕಠ್ಮಂಡು ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ, ಪೋಖರಾ ಅದಕ್ಕಿಂತ ಕೆಳಗೆ, ಸುಮಾರು 800 ಮೀಟರ್. ಮುಕ್ತಿನಾಥಕ್ಕೆ ಹೋಗುವವರು ವಿಮಾನ ಇಳಿಯುವ ಜೋಮ್‌ಸೋಮ್ ಸುಮಾರು 2,700 ಮೀಟರ್, ಮುಕ್ತಿನಾಥ ಸುಮಾರು 3,700 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರ್ ಎಂದರೆ ನಿಮಗೆ ಅಂದಾಜು ಸಿಗುತ್ತದೆ. ಪೋಖರಾದಿಂದ ಹೆಲಿಕಾಪ್ಟರಿನಲ್ಲಿ ಹತ್ತಿದರೆ ಒಂದು ಗಂಟೆಯೊಳಗೆ ಸುಮಾರು 2,900 ಮೀಟರ್ ಏರಿದಂತಾಗುತ್ತದೆ. ಅಲ್ಲಿ ನಿಲ್ಲುವ ಸಮಯವೂ ಅಲ್ಪ, ಪೈಲಟ್ ಕೈಗಡಿಯಾರ ನೋಡುತ್ತಾ ಕಾಯುತ್ತಿರುತ್ತಾರೆ. ನಡೆಯಲಾರದವರಿಗೆ ಹೆಲಿಕಾಪ್ಟರ್ ಅನಿವಾರ್ಯವಿರಬಹುದು, ನಿಮ್ಮ ಮಾವನವರಿಗೆ ಅದು ಬೇಡ ಎಂದೇ ನನಗೆ ತೋರುತ್ತದೆ. ಕಾಗಬೇನಿಯ ಪಿಂಡ ಪ್ರದಾನವಂತೂ ಆ ಅವಸರದಲ್ಲಿ ಆಗುವ ಕಾರ್ಯವೇ ಅಲ್ಲ.

ಪೋಖರಾದಿಂದ ಜೋಮ್‌ಸೋಮಿಗೆ ಚಿಕ್ಕ ವಿಮಾನಗಳಿವೆ. ಒಂದು ಬದಿಗೆ 8,091 ಮೀಟರಿನ ಅನ್ನಪೂರ್ಣಾ, ಇನ್ನೊಂದು ಬದಿಗೆ 8,167 ಮೀಟರಿನ ಧವಳಗಿರಿ, ಇವೆರಡರ ನಡುವಿನ ಕಾಳಿ ಗಂಡಕಿಯ ಕಣಿವೆಯಲ್ಲಿ ಸುಮಾರು ಇಪ್ಪತ್ತು ನಿಮಿಷದ ಹಾರಾಟ. ಹೊತ್ತೇರಿದಂತೆ ಆ ಕಣಿವೆಯಲ್ಲಿ ಗಾಳಿ ರಭಸವಾಗಿ ಬೀಸುವುದರಿಂದ ವಿಮಾನಗಳು ಬೆಳಗಿನ ಹೊತ್ತಿನಲ್ಲಿ ಮಾತ್ರ ಹಾರುತ್ತವೆ. ಮೋಡವೋ ಗಾಳಿಯೋ ಅಡ್ಡ ಬಂದರೆ ಆ ದಿನದ ವಿಮಾನ ಇಲ್ಲ ಎಂದೇ ಅರ್ಥ. ಆದ್ದರಿಂದ ಹೋಗುವಾಗ ಒಂದು, ಬರುವಾಗ ಒಂದು, ಕೆಲಸವಿಲ್ಲದ ದಿನವನ್ನು ಕೈಯಲ್ಲಿ ಇಟ್ಟುಕೊಳ್ಳಲೇಬೇಕು. ಆ ದಿನ ವ್ಯರ್ಥವಾಯಿತು ಎಂದುಕೊಳ್ಳಬೇಡಿ. ವಿಮಾನ ಹಾರಿತೆಂದರೆ ಪೋಖರಾದ ಫೇವಾ ಸರೋವರದ ದಡದಲ್ಲಿ ಹಿರಿಯರಿಗೆ ಒಂದು ದಿನದ ವಿಶ್ರಾಂತಿ ಸಿಕ್ಕಿತು, ಅಷ್ಟೆ.

ಜೋಮ್‌ಸೋಮಿನಲ್ಲೇ ಎರಡು ರಾತ್ರಿ ಉಳಿದುಕೊಂಡು, ಮಧ್ಯದ ದಿನ ಜೀಪಿನಲ್ಲಿ ಕಾಗಬೇನಿ ಮತ್ತು ಮುಕ್ತಿನಾಥ ಮುಗಿಸಿ ಸಂಜೆಗೆ ಕೆಳಗಿಳಿದು ಬರುವುದು ಉತ್ತಮ. ಜೀಪು ರಾಣಿಪೌವಾ ಎಂಬ ಊರಿನವರೆಗೆ ಹೋಗುತ್ತದೆ, ಅಲ್ಲಿಂದ ದೇವಸ್ಥಾನಕ್ಕೆ ಏರುದಾರಿ. ನಮಗೆ ಅರ್ಧ ಗಂಟೆಯಾದರೆ ಹಿರಿಯರಿಗೆ ಒಂದು ಗಂಟೆ ಎಂದಿಟ್ಟುಕೊಳ್ಳಿ, ಅತ್ತೆಯವರಿಗೆ ಕುದುರೆ ಸಿಗುತ್ತದೆ.

ದಡದ ಮನೆ

ನಮಸ್ಕಾರ. ನಾನು ಉಡುಪಿ ಕಡೆಯವನು. ಪಶುಪತಿನಾಥನ ಸನ್ನಿಧಿಯ ಬಗ್ಗೆ ಎರಡು ಮಾತು ಹೇಳುತ್ತೇನೆ.

ಅಲ್ಲಿ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಪರಂಪರೆಯಿಂದ ದಕ್ಷಿಣ ಭಾರತದ ಭಟ್ಟರದ್ದು, ಈಚಿನ ದಶಕಗಳಲ್ಲಿ ಆ ಸ್ಥಾನದಲ್ಲಿರುವವರು ನಮ್ಮ ಕರ್ನಾಟಕದವರು. ಭಂಡಾರಿಗಳೆಂದು ಕರೆಯಲಾಗುವ ನೇಪಾಳದವರೇ ಆದ ಸಹಾಯಕರು ಅವರ ಜೊತೆಗಿದ್ದು ಸೇವೆ ನಡೆಸಿಕೊಡುತ್ತಾರೆ. 2009ರ ಆರಂಭದಲ್ಲಿ ಈ ಪದ್ಧತಿಯನ್ನು ಬದಲಿಸುವ ಪ್ರಯತ್ನ ನಡೆದಾಗ ದೊಡ್ಡ ಗಲಾಟೆಯಾಗಿ, ಕೊನೆಗೆ ಹಳೆಯ ಪದ್ಧತಿಯೇ ಉಳಿಯಿತು. ದರ್ಶನಕ್ಕೆ ನಿಂತಿದ್ದಾಗ ಒಳಗಿನಿಂದ ಕನ್ನಡದ ಒಂದು ಮಾತು ನನ್ನ ಕಿವಿಗೆ ಬಿದ್ದ ಆ ಕ್ಷಣವನ್ನು ನಾನು ಮರೆಯಲಾರೆ. ಹಾಗೆಂದು ಅವರ ಪರಿಚಯ ಹಿಡಿದು ವಿಶೇಷ ದರ್ಶನಕ್ಕೆ ಪ್ರಯತ್ನಿಸುವುದು ಸರಿಯಲ್ಲ, ಅಗತ್ಯವೂ ಇಲ್ಲ.

ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ, ಲಿಂಗಕ್ಕೆ ನಾಲ್ಕೂ ಕಡೆ ಮುಖಗಳಿವೆ. ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ. ಐದನೆಯದಾದ ಈಶಾನ ಮೇಲ್ಮುಖ. ಪಶ್ಚಿಮದ ಬಾಗಿಲಿನ ಎದುರಿಗೆ ಬೃಹತ್ ನಂದಿ ಕುಳಿತಿದ್ದಾನೆ. ಆದ್ದರಿಂದ ಒಂದು ಬಾಗಿಲಿನಲ್ಲಿ ಕೈಮುಗಿದು ಹೊರಟುಬಿಡದೆ, ನಿಧಾನವಾಗಿ ಪ್ರದಕ್ಷಿಣೆ ಬಂದು ನಾಲ್ಕೂ ಮುಖಗಳ ದರ್ಶನ ಮಾಡಿಸಿ. ಬೆಳಗಿನ ಹೊತ್ತೇ ಒಳ್ಳೆಯದು. ಚರ್ಮದ ಬೆಲ್ಟು, ಪರ್ಸುಗಳನ್ನು ವಸತಿಯಲ್ಲೇ ಬಿಟ್ಟು ಬನ್ನಿ, ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ.

ಪಕ್ಕದಲ್ಲೇ ಬಾಗ್ಮತಿ ನದಿಯ ಆರ್ಯಘಾಟಿನಲ್ಲಿ ಸದಾ ಚಿತೆಗಳು ಉರಿಯುತ್ತಿರುತ್ತವೆ. ನಿಮ್ಮ ಮಗಳಿಗೆ ಹನ್ನೊಂದು ವರ್ಷ ಎಂದಿರಿ. ಹೋಗುವ ಮೊದಲೇ ಅದನ್ನು ತಿಳಿಸಿ ಹೇಳಿ, ಅಲ್ಲಿ ಥಟ್ಟನೆ ಎದುರಾಗುವುದು ಬೇಡ. ಸಂಜೆ ಎದುರು ದಡದ ಮೆಟ್ಟಿಲುಗಳ ಮೇಲೆ ಕುಳಿತು ಬಾಗ್ಮತಿ ಆರತಿಯನ್ನು ನೋಡಬಹುದು.

ಶಾಸನದ ಓದು

ನಾನು ಇತಿಹಾಸದ ಪಾಠ ಹೇಳಿ ನಿವೃತ್ತನಾದವನು. ಯಾತ್ರೆಯ ವ್ಯವಸ್ಥೆಯ ಬಗ್ಗೆ ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಮಕ್ಕಳಿಗೆ ಏನು ತೋರಿಸಬಹುದು ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಕಠ್ಮಂಡು ಕಣಿವೆಯಲ್ಲಿ ನಮ್ಮವರು ಪಶುಪತಿನಾಥವೊಂದನ್ನು ನೋಡಿ ಪೋಖರಾಕ್ಕೆ ಓಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಯುನೆಸ್ಕೋ 1979ರಲ್ಲಿ ಈ ಕಣಿವೆಯ ಏಳು ತಾಣಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಠ್ಮಂಡು, ಪಾಟನ್, ಭಕ್ತಪುರಗಳ ಅರಮನೆ ಚೌಕಗಳು, ಸ್ವಯಂಭೂ, ಬೌದ್ಧನಾಥ, ಪಶುಪತಿನಾಥ ಮತ್ತು ಚಾಂಗು ನಾರಾಯಣ. ಇವುಗಳಲ್ಲಿ ಅತಿ ಕಡಿಮೆ ಜನ ಹೋಗುವ ಚಾಂಗು ನಾರಾಯಣವನ್ನೇ ನಾನು ಮೊದಲು ಹೆಸರಿಸುತ್ತೇನೆ. ಭಕ್ತಪುರದ ಸಮೀಪದ ಗುಡ್ಡದ ಮೇಲಿರುವ ಈ ವಿಷ್ಣು ದೇವಾಲಯದ ಅಂಗಳದಲ್ಲಿ ಲಿಚ್ಛವಿ ಅರಸ ಮಾನದೇವನ ಕ್ರಿ.ಶ. 464ರ ಸಂಸ್ಕೃತ ಶಾಸನವಿದೆ. ತಂದೆ ಧರ್ಮದೇವ ತೀರಿಕೊಂಡಾಗ ಸಹಗಮನಕ್ಕೆ ಸಿದ್ಧಳಾದ ತಾಯಿ ರಾಜ್ಯವತಿಯನ್ನು ಮಗ ಬೇಡಿಕೊಂಡು ತಡೆದ ಸಂಗತಿಯನ್ನು ಅದು ಹೇಳುತ್ತದೆ. ನಮ್ಮ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಬೇಲೂರಿನ ಬಳಿಯ ಹಳ್ಳಿಯೊಂದರಲ್ಲಿ ಕನ್ನಡದ ಅಕ್ಷರಗಳನ್ನು ಕಲ್ಲಿನ ಮೇಲೆ ಕೊರೆಯುತ್ತಿದ್ದ ಕಾಲಕ್ಕೇ ಹಿಮಾಲಯದ ಅಡಿಯಲ್ಲಿ ಒಬ್ಬ ಮಗ ತನ್ನ ತಾಯಿಯ ಕಣ್ಣೀರನ್ನು ಕಲ್ಲಿನ ಮೇಲೆ ಬರೆಸಿದ ಎಂದು ಮಕ್ಕಳಿಗೆ ಹೇಳಿದರೆ, ಶತಮಾನ ಎಂಬ ಒಣ ಸಂಖ್ಯೆಗೆ ಜೀವ ಬರುತ್ತದೆ. ಅದೇ ಅಂಗಳದಲ್ಲಿ ವಿಶ್ವರೂಪ ಮತ್ತು ತ್ರಿವಿಕ್ರಮನ ಪ್ರಾಚೀನ ಶಿಲ್ಪಗಳಿವೆ. ಬಾದಾಮಿಯ ತ್ರಿವಿಕ್ರಮನನ್ನು ನೋಡಿರುವ ಮಕ್ಕಳಾದರೆ ಆ ಎತ್ತಿದ ಕಾಲನ್ನು ಕಂಡ ಕೂಡಲೇ ಗುರುತಿಸುತ್ತಾರೆ.

ಪಾಟನ್ನಿನ ಕೃಷ್ಣ ಮಂದಿರವನ್ನೂ ಬಿಡಬೇಡಿ. ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ ಈ ಗುಡಿ, ಸುತ್ತಲಿನ ಇಟ್ಟಿಗೆ ಮತ್ತು ಮರದ ಗುಡಿಗಳ ನಡುವೆ ಪೂರ್ತಿ ಕಲ್ಲಿನದು. ಒಂದು ಅಂತಸ್ತಿನ ಕಂಬಗಳ ಮೇಲಿನ ಪಟ್ಟಿಕೆಯಲ್ಲಿ ಮಹಾಭಾರತ, ಇನ್ನೊಂದರಲ್ಲಿ ರಾಮಾಯಣ, ಪ್ರತಿ ದೃಶ್ಯದ ಅಡಿಯಲ್ಲಿ ನೇವಾರಿ ಭಾಷೆಯ ಬರಹ. ಹಳೇಬೀಡಿನ ಗೋಡೆಯ ಸಾಲುಗಳನ್ನು ಓದಿ ಅಭ್ಯಾಸವಿದ್ದವರು ಇಲ್ಲಿ ಗಂಟೆಗಟ್ಟಲೆ ನಿಲ್ಲಬಹುದು.

ಭಕ್ತಪುರದಲ್ಲಿ 1702ರ ನ್ಯಾತಪೋಲ ಐದು ಅಂತಸ್ತಿನ ದೇವಾಲಯ. 2015ರ ಏಪ್ರಿಲ್ 25ರಂದು 7.8 ಪ್ರಮಾಣದ ಭೂಕಂಪದಲ್ಲಿ ನೇಪಾಳದಲ್ಲಿ ಸುಮಾರು ಒಂಬತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ಅದೇ ಚೌಕಗಳ ಎಷ್ಟೋ ಗುಡಿಗಳು ನೆಲಸಮವಾದರೂ ನ್ಯಾತಪೋಲ ನಿಂತುಕೊಂಡಿತು. ಕಠ್ಮಂಡು ಎಂಬ ಹೆಸರಿಗೇ ಕಾರಣವಾದ ಕಾಷ್ಠಮಂಡಪ ಅಂದು ಕುಸಿದುಬಿತ್ತು. ಅದನ್ನು ಸ್ಥಳೀಯರೇ ಮುಂದೆ ನಿಂತು ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿ 2022ರಲ್ಲಿ ಮುಗಿಸಿದರು. ಹೊಸ ಮರದ ಬಣ್ಣವನ್ನೂ ಹಳೆಯ ಮರದ ಬಣ್ಣವನ್ನೂ ಅಕ್ಕಪಕ್ಕದಲ್ಲಿ ಹೋಲಿಸಿ ನೋಡಿ. ಭಕ್ತಪುರದಲ್ಲಿ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಜುಜು ಧೌ ಎಂಬ ಗಟ್ಟಿ ಸಿಹಿ ಮೊಸರು ಸಿಗುತ್ತದೆ. ಸಕ್ಕರೆ ಕಾಯಿಲೆಯ ನಿಮ್ಮ ಮಾವನವರಿಗೆ ಒಂದು ಚಮಚ ಸಾಕು.

ಇನ್ನೊಂದು ಸಂಗತಿ ಕನ್ನಡಿಗರಿಗೆ ತಿಳಿದಿರಬೇಕಾದದ್ದು. 1097ರಲ್ಲಿ ನಾನ್ಯದೇವನೆಂಬವನು ಮಿಥಿಲೆಯಲ್ಲಿ ಸ್ಥಾಪಿಸಿದ ವಂಶದ ಹೆಸರೇ ಕರ್ನಾಟ ವಂಶ. ಅವರ ರಾಜಧಾನಿಯಾಗಿದ್ದ ಸಿಮ್ರೌನ್‌ಗಢದ ಅವಶೇಷಗಳು ಈಗಿನ ನೇಪಾಳದ ಬಾರಾ ಜಿಲ್ಲೆಯಲ್ಲಿವೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಉತ್ತರಕ್ಕೆ ಹೋದ ಸೈನ್ಯದೊಂದಿಗೆ ಈ ಮನೆತನದವರು ಅಲ್ಲಿ ನೆಲೆಸಿರಬೇಕೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಕೊನೆಯ ಅರಸ ಹರಿಸಿಂಹದೇವ 1324ರ ಸುಮಾರಿಗೆ ತುಘಲಕ್ ದಾಳಿಗೆ ಸಿಲುಕಿ ಬೆಟ್ಟಗಳತ್ತ ಹೊರಟ. ಅವನ ಕುಲದೇವತೆ ತಲೇಜು ಭಕ್ತಪುರಕ್ಕೆ ಬಂದಳು ಎಂಬುದು ಅಲ್ಲಿನ ಪ್ರತೀತಿ. ಮುಂದೆ ಮಲ್ಲ ಅರಸರು ತಮ್ಮ ವಂಶವನ್ನು ಈ ಕರ್ನಾಟ ಮನೆತನಕ್ಕೆ ಜೋಡಿಸಿಕೊಂಡರು. ಸಿಮ್ರೌನ್‌ಗಢಕ್ಕೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಭಕ್ತಪುರದ ಚೌಕದಲ್ಲಿ ತಲೇಜುವಿನ ಬಾಗಿಲ ಮುಂದೆ ನಿಂತಾಗ ಈ ಕಥೆ ನಿಮಗೆ ನೆನಪಿದ್ದರೆ ಸಾಕು.

ತುಂಗಾತೀರ

ಇಷ್ಟು ವಿವರವಾಗಿ ಬರೆದ ನಿಮಗೆಲ್ಲರಿಗೂ ನಾನು ಋಣಿ. ಶಾಸನದ ಓದು ಅವರ ಬರಹವನ್ನು ನಿನ್ನೆ ರಾತ್ರಿ ಊಟದ ನಂತರ ಮನೆಯಲ್ಲಿ ಗಟ್ಟಿಯಾಗಿ ಓದಿದೆ, ಮಾವನವರು ಎರಡು ಸಲ ಓದಿಸಿಕೊಂಡರು. ಏಳು ದಿನದ ಯೋಜನೆಯನ್ನು ಕೈಬಿಟ್ಟಿದ್ದೇವೆ, ಜನಕಪುರವನ್ನೂ ಬಿಟ್ಟಿದ್ದೇವೆ. ಆದರೆ ಲುಂಬಿನಿಯ ಬಗ್ಗೆ ಮನಸ್ಸು ಹೊಯ್ದಾಡುತ್ತಿದೆ. ಮಗಳ ಆಸೆಯೊಂದನ್ನೇ ಬಿಡುವುದು ನ್ಯಾಯವೇ ಎಂದು ಅತ್ತೆಯವರು ಕೇಳುತ್ತಿದ್ದಾರೆ.

ರೈಲು ದಾರಿ

ಲುಂಬಿನಿಯನ್ನು ಬಿಡುವ ಅಗತ್ಯವೇ ಇಲ್ಲ ಎಂಬುದು ನನ್ನ ವಾದ. ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲು ಇದೆ. ಅಲ್ಲಿಂದ ಸೋನೌಲಿ ಗಡಿ ದಾಟಿದರೆ ಲುಂಬಿನಿ ಹತ್ತಿರವೇ. ಮೊದಲು ಲುಂಬಿನಿ, ನಂತರ ರಸ್ತೆಯಲ್ಲಿ ಪೋಖರಾ, ಆಮೇಲೆ ಮುಕ್ತಿನಾಥ, ಕೊನೆಗೆ ಕಠ್ಮಂಡು ಮುಗಿಸಿ ಅಲ್ಲಿಂದ ವಿಮಾನದಲ್ಲಿ ದೆಹಲಿಯ ಮೂಲಕ ಹಿಂದಿರುಗಬಹುದು. ನಾವು ಹಾಗೆಯೇ ಹೋಗಿದ್ದೆವು. ನೆಲದ ಮೇಲೆ ಗಡಿ ದಾಟುವುದರಲ್ಲಿ ಒಂದು ಸೊಗಸಿದೆ, ಮಕ್ಕಳಿಗೆ ಬೇರೊಂದು ದೇಶ ಆರಂಭವಾದದ್ದು ಕಣ್ಣಿಗೆ ಕಾಣುತ್ತದೆ. ಖರ್ಚೂ ಬಹಳ ಕಡಿಮೆ.

ಹಿಮದ ಹಾದಿ

ರೈಲು ದಾರಿ ಅವರ ಮಾತನ್ನು ಅಲ್ಲಗಳೆಯುವುದಿಲ್ಲ, ಹದಿನೈದು ದಿನ ಇರುವವರಿಗೆ ಅದು ಸುಂದರವಾದ ದಾರಿ. ಆದರೆ ಗೋರಖಪುರ ತಲುಪುವುದಕ್ಕೇ ಸುಮಾರು ಎರಡು ದಿನ ಬೇಕು. ಲುಂಬಿನಿಯಿಂದ ಪೋಖರಾಕ್ಕೆ ಬೆಟ್ಟದ ತಿರುವುಗಳ ರಸ್ತೆಯಲ್ಲಿ ಮತ್ತೆ ಇಡೀ ದಿನ. ಮಂಡಿನೋವಿನ 68 ವರ್ಷದ ಹೆಂಗಸು ಅಷ್ಟೆಲ್ಲ ಕುಳಿತು ಬಂದು, ಮಾರನೆಯ ದಿನ 2,700 ಮೀಟರ್ ಎತ್ತರಕ್ಕೆ ಏರಬೇಕೆಂದರೆ ಹೇಗೆ? ಹತ್ತು ದಿನದ ಲೆಕ್ಕದಲ್ಲಿ ಲುಂಬಿನಿ ಸೇರಿಸಿದರೆ ಕತ್ತರಿ ಬೀಳುವುದು ಆ ಬಿಡುವಿನ ದಿನಗಳಿಗೇ. ಬಿಡುವಿನ ದಿನ ಹೋಯಿತೆಂದರೆ ಮುಕ್ತಿನಾಥವನ್ನೇ ಪಣಕ್ಕೆ ಒಡ್ಡಿದಂತೆ.

ಇನ್ನೊಂದು ಮುಖ್ಯ ವಿಷಯವನ್ನು ಮೊದಲೇ ಹೇಳಬೇಕಿತ್ತು. ನಮ್ಮ ದಸರೆಯ ಹೊತ್ತಿಗೇ ಅಲ್ಲಿ ದಶೈಂ ಹಬ್ಬ ಬರುತ್ತದೆ, ಅದು ನೇಪಾಳದ ಅತಿ ದೊಡ್ಡ ಹಬ್ಬ. ಕಠ್ಮಂಡುವಿನ ಜನ ತಮ್ಮ ತಮ್ಮ ಊರುಗಳಿಗೆ ಹೊರಡುವುದರಿಂದ ಬಸ್ಸು, ಒಳನಾಡಿನ ವಿಮಾನಗಳು ತುಂಬಿರುತ್ತವೆ, ಅಂಗಡಿಗಳು ಮುಚ್ಚಿರುತ್ತವೆ. ಸಾಧ್ಯವಾದರೆ ವಿಜಯದಶಮಿ ಕಳೆದು ಎರಡು ಮೂರು ದಿನಗಳ ನಂತರ ಹೊರಡಿ. ಮಕ್ಕಳಿಗೆ ನಾಲ್ಕು ದಿನ ಶಾಲೆ ತಪ್ಪಬಹುದು. ಆದರೆ ಮಳೆ ನಿಂತು ಆಕಾಶ ತಿಳಿಯಾಗಿರುವ ಕಾಲ ಅದೇ.

ಶಾಸನದ ಓದು

ಲುಂಬಿನಿಯ ಬಗ್ಗೆ ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತದೆ. ಅಶೋಕ ತಾನೇ ಬಂದು ನಿಲ್ಲಿಸಿದ ಕಂಬ ಅಲ್ಲಿದೆ. ಶಾಕ್ಯಮುನಿ ಬುದ್ಧ ಇಲ್ಲಿ ಹುಟ್ಟಿದ ಎಂದು ಅದರ ಮೇಲೆ ಸ್ಪಷ್ಟವಾಗಿ ಬರೆಸಿದ್ದಾನೆ, ಆ ಕಾರಣಕ್ಕೆ ಊರಿನ ಬಲಿ ಎಂಬ ತೆರಿಗೆಯನ್ನು ಮನ್ನಾ ಮಾಡಿ ಬೆಳೆಯ ಭಾಗವನ್ನು ಎಂಟನೆಯ ಒಂದಕ್ಕೆ ಇಳಿಸಿದ್ದಾನೆ. 1896ರಲ್ಲಿ ಆ ಬರಹ ಬೆಳಕಿಗೆ ಬಂದ ಮೇಲೆಯೇ ಬುದ್ಧ ಹುಟ್ಟಿದ ಜಾಗ ಇದೇ ಎಂಬುದು ಖಚಿತವಾಯಿತು.

ಆದರೂ ಹಿಮದ ಹಾದಿ ಅವರ ಲೆಕ್ಕವೇ ಸರಿ. ಮಗಳಿಗೆ ಅನ್ಯಾಯವಾಗದಂತೆ ಬೇರೊಂದು ದಾರಿ ಸೂಚಿಸುತ್ತೇನೆ. ಅದೇ ಅಶೋಕನ, ಅದೇ ಬ್ರಾಹ್ಮೀ ಲಿಪಿಯ, ಅದೇ ಪ್ರಾಕೃತದ ಶಾಸನಗಳು ನಮ್ಮ ರಾಜ್ಯದಲ್ಲೇ ಇವೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ, ದೇವಾನಾಂಪ್ರಿಯ ಎಂದು ಬೇರೆ ಕಡೆ ಬರೆಸಿಕೊಂಡವನು ಅವನೇ ಎಂದು ದೃಢಪಟ್ಟಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದುಬಿಟ್ಟಿದ್ದಾನೆ. ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ರಾಯೋ ಅಸೋಕೋ ಎಂಬ ಬರಹವಿರುವ ಶಿಲ್ಪವೂ ಸಿಕ್ಕಿದೆ. ನೇಪಾಳಕ್ಕೆ ಹೊರಡುವ ಮೊದಲು ಒಂದು ಭಾನುವಾರ ಮಗಳನ್ನು ಬ್ರಹ್ಮಗಿರಿಗೆ ಕರೆದೊಯ್ಯಿರಿ. ಲುಂಬಿನಿ ಅವಳ ಪಾಲಿಗೆ ಇನ್ನೊಂದು ಪಯಣಕ್ಕೆ ಇರಲಿ. ಬೌದ್ಧನಾಥದ ಮಹಾಸ್ತೂಪವನ್ನು ಅವಳು ಈ ಸಲವೇ ಪ್ರದಕ್ಷಿಣೆ ಮಾಡಬಹುದು.

ನಾಡಿ ನೋಡುವವ

ನಾನು ವೈದ್ಯ. ಸಾಮಾನ್ಯವಾದ ಕೆಲವು ಮಾತುಗಳನ್ನಷ್ಟೇ ಹೇಳುತ್ತೇನೆ, ಹಿರಿಯರಿಬ್ಬರನ್ನೂ ಅವರ ವೈದ್ಯರಿಗೆ ತೋರಿಸದೆ ಟಿಕೆಟ್ ಮಾಡಿಸಬೇಡಿ. ಎತ್ತರದಲ್ಲಿ ತಲೆನೋವು, ವಾಕರಿಕೆ, ವಿಪರೀತ ಸುಸ್ತು ಕಾಣಿಸಿದರೆ ಮೇಲಕ್ಕೆ ಏರುವುದನ್ನು ನಿಲ್ಲಿಸಬೇಕು. ಸುಮ್ಮನೆ ಕುಳಿತಾಗಲೂ ಉಸಿರು ಕಟ್ಟಿದಂತಾದರೆ, ಮಾತು ತೊದಲಿದರೆ, ನಡಿಗೆ ತಪ್ಪಿದರೆ ತಡಮಾಡದೆ ಕೆಳಗಿಳಿಸಬೇಕು, ಅದೇ ಮೊದಲ ಚಿಕಿತ್ಸೆ. ಎತ್ತರಕ್ಕೆಂದು ಕೊಡುವ ಅಸೆಟಜೋಲಮೈಡ್ ಮಾತ್ರೆ ಎಲ್ಲರಿಗೂ ಹೊಂದುವುದಿಲ್ಲ, ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ನುಂಗಬಾರದು. ಸಕ್ಕರೆ ಅಳೆಯುವ ಯಂತ್ರ ವಿಪರೀತ ಚಳಿಯಲ್ಲಿ ಸರಿಯಾಗಿ ತೋರಿಸದೆ ಇರಬಹುದು, ಅದನ್ನು ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ.

ಮುಕ್ತಿನಾಥದಲ್ಲಿ ಭಕ್ತರು ಸ್ನಾನ ಮಾಡುವ 108 ಧಾರೆಗಳ ನೀರು ಹಿಮದಷ್ಟೇ ತಣ್ಣಗಿರುತ್ತದೆ. 74ರ ವಯಸ್ಸಿನ, ರಕ್ತದೊತ್ತಡ ಇರುವ ವ್ಯಕ್ತಿ ಅಷ್ಟು ಎತ್ತರದಲ್ಲಿ ಅದರ ಕೆಳಗೆ ಓಡುವುದನ್ನೂ, ಎರಡು ಕುಂಡಗಳಲ್ಲಿ ಮುಳುಗುವುದನ್ನೂ ನಾನು ಒಪ್ಪುವುದಿಲ್ಲ. ಇದನ್ನು ಅಲ್ಲಿ ಹೋಗಿ ಹೇಳಿದರೆ ಅವರಿಗೆ ನೋವಾಗುತ್ತದೆ, ಮನೆಯಲ್ಲೇ ಮಾತನಾಡಿ ಒಪ್ಪಿಸಿ. ಪ್ರೋಕ್ಷಣೆಯೂ ಸ್ನಾನವೇ ಎಂದು ನಮ್ಮ ಹಿರಿಯರು ಹೇಳಿದ್ದಾರೆ.

ಕೈಚೀಲ

ಕಾಗದಪತ್ರಗಳ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಗುರುತಿನ ಚೀಟಿ ಬೇಕು, ಆಧಾರ್ ನಡೆಯುವುದಿಲ್ಲ. 15ಕ್ಕಿಂತ ಕಡಿಮೆ ಮತ್ತು 65ಕ್ಕಿಂತ ಹೆಚ್ಚು ವಯಸ್ಸಿನವರಿಗೆ ಮಾತ್ರ ಆಧಾರ್ ಸಾಕು. ನಿಮ್ಮ ಮನೆಯಲ್ಲಿ ತೊಡಕಾಗುವುದು ಮಗನದ್ದು. 15ರಿಂದ 18ರೊಳಗಿನವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ಬೇಕಾಗುತ್ತದೆ, ಅದಕ್ಕಿಂತ ಈಗಲೇ ಪಾಸ್‌ಪೋರ್ಟಿಗೆ ಅರ್ಜಿ ಹಾಕುವುದು ವಾಸಿ. ನಿಜವಾಗಿ ಹೇಳಬೇಕೆಂದರೆ ಆರು ಮಂದಿಗೂ ಪಾಸ್‌ಪೋರ್ಟ್ ಇದ್ದರೆ ನೆಮ್ಮದಿ.

ಹಣದ ಲೆಕ್ಕ ಸುಲಭ. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ, 1993ರಿಂದಲೂ ಇದೇ ದರ. ನಮ್ಮ 100ರ ನೋಟುಗಳಾದರೆ ತೊಂದರೆಯಿಲ್ಲ. ಅದಕ್ಕಿಂತ ದೊಡ್ಡ ನೋಟುಗಳ ನಿಯಮ ಆಗಾಗ ಬದಲಾಗುತ್ತಿರುವುದರಿಂದ ಹೊರಡುವ ವಾರ ವಿಚಾರಿಸಿಕೊಂಡೇ ಇಟ್ಟುಕೊಳ್ಳಿ. ಹಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ, ಮುಸ್ತಾಂಗಿನಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಅರಮನೆ ಚೌಕಗಳ ಪ್ರವೇಶಕ್ಕೂ ಅನ್ನಪೂರ್ಣಾ ಸಂರಕ್ಷಿತ ಪ್ರದೇಶದ ಅನುಮತಿಗೂ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಕಡಿಮೆ ದರವಿದೆ, ಗುರುತಿನ ಚೀಟಿ ತೋರಿಸಿ ಕೇಳಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ, ಬೆಳಗಿನ ವಿಮಾನಕ್ಕೆ ಇದು ಮುಖ್ಯ.

ತುಂಗಾತೀರ

ನಿಮ್ಮೆಲ್ಲರ ಸಲಹೆಯಂತೆ ಹೀಗೆ ನಿಶ್ಚಯಿಸಿದ್ದೇವೆ. ವಿಜಯದಶಮಿ ಕಳೆದ ಮೂರನೆಯ ದಿನ ಹೊರಟು ಕಠ್ಮಂಡು ಸೇರುವುದು. ಎರಡನೆಯ ದಿನ ಪಶುಪತಿನಾಥ ಮತ್ತು ಬೌದ್ಧನಾಥ, ಮೂರನೆಯ ದಿನ ಚಾಂಗು ನಾರಾಯಣ ಮತ್ತು ಭಕ್ತಪುರ. ನಾಲ್ಕನೆಯ ದಿನ ವಿಮಾನದಲ್ಲಿ ಪೋಖರಾ, ಐದು ಬಿಡುವಿನ ದಿನ. ಆರು ಏಳು ಜೋಮ್‌ಸೋಮ್, ಮುಕ್ತಿನಾಥ. ಎಂಟಕ್ಕೆ ಪೋಖರಾ, ಒಂಬತ್ತು ಮತ್ತೆ ಬಿಡುವು. ಹತ್ತಕ್ಕೆ ಪಾಟನ್, ಹನ್ನೊಂದಕ್ಕೆ ಊರಿನ ದಾರಿ. ಮಗಳು ಲುಂಬಿನಿಗೆ ಬದಲಾಗಿ ಬ್ರಹ್ಮಗಿರಿಯನ್ನು ಒಪ್ಪಿಕೊಂಡಿದ್ದಾಳೆ. ಸ್ನಾನದ ವಿಷಯವನ್ನು ಮಾವನವರೊಂದಿಗೆ ಮಾತನಾಡಿದ್ದೇವೆ, ಅವರು ಒಂದು ದಿನ ಮೌನವಾಗಿದ್ದು, ನಂತರ ಆಗಲಿ ಎಂದರು.

ತುಂಗಾತೀರ

ಮೊನ್ನೆ ಕ್ಷೇಮವಾಗಿ ಮರಳಿದೆವು. ನೀವೆಲ್ಲ ಇಷ್ಟು ಕಾಳಜಿಯಿಂದ ಬರೆದಿದ್ದರಿಂದ ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಹೋಗುವಾಗ ವಿಮಾನ ಸರಿಯಾದ ಸಮಯಕ್ಕೆ ಹಾರಿತು. ಬರುವ ದಿನ ಜೋಮ್‌ಸೋಮಿನಲ್ಲಿ ಬೆಳಗಿನಿಂದಲೇ ಗಾಳಿ ಎದ್ದು ವಿಮಾನ ಬರಲಿಲ್ಲ. ಮರುದಿನವೂ ಬರುವ ಭರವಸೆಯಿಲ್ಲವೆಂದು ಗೊತ್ತಾದಾಗ ಆ ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಜೀಪು ಮಾಡಿಕೊಂಡು ಬೇನಿಯ ಮಾರ್ಗವಾಗಿ ಧೂಳಿನಲ್ಲಿ ಇಡೀ ದಿನ ಕುಳಿತು ಪೋಖರಾ ಸೇರಿದೆವು. ಅತ್ತೆಯವರಿಗೆ ಬಹಳ ಆಯಾಸವಾಯಿತು. ಒಂಬತ್ತನೆಯ ದಿನ ಬಿಡುವಾಗಿ ಇರದಿದ್ದರೆ ನಮ್ಮ ಊರಿನ ವಿಮಾನವೂ ತಪ್ಪುತ್ತಿತ್ತು. ಇದೇ ಊರುಗಳಿಗೆ ಹೊರಡುವವರು ಆ ಒಂದು ದಿನವನ್ನು ಯಾವ ಕಾರಣಕ್ಕೂ ಬೇರೆ ಊರಿಗೆ ಕೊಡಬಾರದು.

ಕಾಗಬೇನಿಯಲ್ಲಿ ನದಿಗಳ ಸಂಗಮದ ಬಳಿ ಪಿಂಡ ಪ್ರದಾನ ಚೆನ್ನಾಗಿ ನಡೆಯಿತು. ಮುಕ್ತಿನಾಥದಲ್ಲಿ ಅತ್ತೆಯವರು ಕುದುರೆಯ ಮೇಲೆ ಬಂದರು, ಮಾವನವರು ನಾಲ್ಕು ಕಡೆ ಕುಳಿತು ಎದ್ದು ನಡೆದೇ ಹತ್ತಿದರು. ಮಗ 108 ಧಾರೆಗಳ ಕೆಳಗೂ ಓಡಿ ಬಂದು ನಡುಗುತ್ತಾ ನಿಂತ. ಮಾವನವರು ಮೊದಲ ಗೋಮುಖದ ಕೆಳಗೆ ಬೊಗಸೆಯೊಡ್ಡಿ, ಆ ನೀರನ್ನು ತಲೆಗೆ ಚಿಮುಕಿಸಿಕೊಂಡು, ಉಳಿದದ್ದನ್ನು ಅತ್ತೆಯವರ ತಲೆಗೂ ಹಾಕಿದರು. ಪಕ್ಕದ ಜ್ವಾಲಾಮಾಯಿಯ ಗುಡಿಯಲ್ಲಿ ನೀರಿನ ಬಳಿಯೇ ಉರಿಯುವ ನೀಲಿ ಜ್ವಾಲೆಯನ್ನು ಬೌದ್ಧ ಸನ್ಯಾಸಿನಿಯೊಬ್ಬರು ಮಕ್ಕಳಿಗೆ ತೋರಿಸಿದರು.

ಇಳಿಯುವ ದಾರಿಯಲ್ಲಿ ಗಂಡಕಿಯ ಪಾತ್ರದಲ್ಲಿ ಅರ್ಧ ಗಂಟೆ ನಿಂತೆವು. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲೊಂದು ಸಮುದ್ರವಿತ್ತು, ಅದರಲ್ಲಿದ್ದ ಅಮೊನೈಟ್ ಎಂಬ ಚಿಪ್ಪಿನ ಪ್ರಾಣಿಯ ಗುರುತೇ ಸಾಲಿಗ್ರಾಮದ ಚಕ್ರ ಎಂದು ಮಗ ಅಜ್ಜನಿಗೆ ವಿವರಿಸಿದ. ಮಾವನವರು ಶ್ರದ್ಧೆಯಿಂದ ಕೇಳಿ, ಸಮುದ್ರದಲ್ಲಿದ್ದವನು ನಾರಾಯಣನಲ್ಲವೇ ಎಂದರು. ಮಗಳಿಗೆ ಅಷ್ಟರಲ್ಲಿ ಒಡೆದ ಕರಿ ಕಲ್ಲೊಂದು ಸಿಕ್ಕಿತ್ತು, ಅದರೊಳಗೆ ಸುರುಳಿಯ ಅಚ್ಚು ಸ್ಪಷ್ಟವಾಗಿತ್ತು. ಮನೆಗೆ ಒಯ್ಯೋಣವೇ ಎಂದು ಕೇಳಿದಳು. ಮನೆಯಲ್ಲಿ ಒಬ್ಬನಿದ್ದಾನಲ್ಲ ಎಂದು ಅವರು ಆ ಕಲ್ಲನ್ನು ತೊಳೆದು, ಎರಡು ತುಳಸಿ ದಳವನ್ನಿಟ್ಟು, ನೀರಿಗೇ ಮರಳಿಸಿದರು.